ಯುದ್ಧವಿಮಾನಕ್ಕೆ ಅಷ್ಟು ದುಡ್ಡು, ಅಷ್ಟು ವರ್ಷ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರ ನಡುವೆ ಕೂತರೆ ಮಾತು ಎಲ್ಲಿಂದಲೇ ಶುರುವಾಗಲಿ, ಫ್ರಾನ್ಸ್‌ನ ರಫೇಲ್ ಯುದ್ಧವಿಮಾನಕ್ಕೆ ಬಂದು ನಿಲ್ಲುತ್ತದೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ನಂತರವಂತೂ ಕೇಳೋದೇ ಬೇಡ. ವಾಯುಪಡೆ ಅಧಿಕಾರಿಗಳ ಪರೀಕ್ಷೆ ಎಎಫ್‌ಕ್ಯಾಟ್‌ಗೆ ಓದುವವರು, ಬಿವಿಬಿ ಕಾಲೇಜಿನ ಮೆಕ್ಯಾನಿಕಲ್ ಹುಡುಗರು, ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪ್‌ನವರು, ಹಾವೇರಿ-ಗದಗ ಕಡೆಯಿಂದ ಏರ್‌ಫೋರ್ಸ್ ಭರ್ತಿಗೆ ತಯಾರಾಗುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಒಂದು ಸಾಲು ಸಾಕು.

ಒಂದು ಫೈಟರ್ ಜೆಟ್‌ಗೆ ಎಷ್ಟಾಗ್ತದ್ರಿ? ಒಂದೇ ಅಂಕಿ ಹೇಳಿಬಿಡ್ರಿ.

ಒಂದೇ ಅಂಕಿ ಹೇಳಿದವರನ್ನು ನಂಬಬೇಡಿ. ರಫೇಲನ್ನೇ ತೆಗೆದುಕೊಳ್ಳಿ. 2016ರ ಸೆಪ್ಟೆಂಬರ್‌ನಲ್ಲಿ ಭಾರತ 36 ವಿಮಾನಗಳಿಗೆ ಸಹಿ ಹಾಕಿತು. ಒಪ್ಪಂದದ ಮೊತ್ತ 787 ಕೋಟಿ ಯೂರೋ, ನಮ್ಮ ಲೆಕ್ಕದಲ್ಲಿ ಸುಮಾರು 59,000 ಕೋಟಿ ರೂಪಾಯಿ. 36ರಿಂದ ಭಾಗಿಸಿದರೆ ಒಂದಕ್ಕೆ 1,600 ಕೋಟಿ ದಾಟುತ್ತದೆ. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರ ಲೋಕಸಭೆಯಲ್ಲಿ ಹೇಳಿದ ಬೆಲೆ ಒಂದಕ್ಕೆ ಸುಮಾರು 670 ಕೋಟಿ.

ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ಎರಡೂ ನಿಜ. 670 ಕೋಟಿ ಬರೀ ವಿಮಾನದ ಬೆಲೆ. ಉಳಿದದ್ದು ಮೀಟಿಯೋರ್, ಸ್ಕಾಲ್ಪ್‌ನಂಥ ಕ್ಷಿಪಣಿಗಳಿಗೆ, ಬಿಡಿಭಾಗಗಳಿಗೆ, ಭಾರತಕ್ಕೆಂದೇ ಮಾಡಿದ ಬದಲಾವಣೆಗಳಿಗೆ, ಪೈಲಟ್ ತರಬೇತಿಗೆ, ನಿರ್ವಹಣೆಗೆ, ವಾಯುನೆಲೆಯಲ್ಲಿ ಕಟ್ಟಬೇಕಾದ ವ್ಯವಸ್ಥೆಗೆ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗೆ 26 ರಫೇಲ್-ಎಂ ತೆಗೆದುಕೊಂಡಾಗಲೂ ಹೀಗೇ. ಒಟ್ಟು ಸುಮಾರು 63,000 ಕೋಟಿ. ಟಿವಿಯಲ್ಲಿ ಒಬ್ಬರು ಒಂದು ಅಂಕಿ ಹಿಡಿದು ಕೂಗುತ್ತಾರೆ, ಎದುರು ಕೂತವರು ಇನ್ನೊಂದು ಹಿಡಿದು ಕೂಗುತ್ತಾರೆ. 'ಈ ಬೆಲೆಯಲ್ಲಿ ಏನೇನು ಸೇರಿದೆ?' ಅಂತ ಇಬ್ಬರೂ ಹೇಳೋದಿಲ್ಲ.

ನಮ್ಮ ತೇಜಸ್ ಆದ್ರೂ ಅಗ್ಗ ಇರಬೇಕಲ್ಲ?

ಇದೆ, ಆದರೆ ಜನ ಅಂದುಕೊಂಡಷ್ಟಲ್ಲ. 2021ರಲ್ಲಿ 83 ತೇಜಸ್ ಮಾರ್ಕ್-1ಎ ಗೆ ಆರ್ಡರ್ ಆಯಿತು. ಒಟ್ಟು ಸುಮಾರು 48,000 ಕೋಟಿ. ಭಾಗಿಸಿದರೆ ಒಂದಕ್ಕೆ 580 ಕೋಟಿಯ ಹತ್ತಿರ. ಆಗ ಇದನ್ನು ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್ ಕೊಟ್ಟ ಲೆಕ್ಕದಲ್ಲಿ ಬರೀ ವಿಮಾನಕ್ಕೆ 309 ಕೋಟಿ, ಎರಡು ಸೀಟಿನ ತರಬೇತಿ ವಿಮಾನಕ್ಕೆ 280 ಕೋಟಿ. ಮಿಕ್ಕಿದ್ದು ಬಿಡಿಭಾಗ, ಸಲಕರಣೆ, ತೆರಿಗೆ, ಕಸ್ಟಮ್ಸ್. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ 62,370 ಕೋಟಿಯ ಒಪ್ಪಂದ ಆಯಿತು, ಅದೂ ತೆರಿಗೆ ಬಿಟ್ಟು.

ಇಲ್ಲೊಂದು ವ್ಯತ್ಯಾಸ ಇದೆ. ತೇಜಸ್‌ಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ದೇಶದೊಳಗೇ ಸುತ್ತುತ್ತದೆ. ರೆಕ್ಕೆ ಕೊಯಮತ್ತೂರಿನ ಎಲ್ ಆಂಡ್ ಟಿಯಲ್ಲಿ ತಯಾರಾಗುತ್ತದೆ, ನಡುಭಾಗ ಹೈದರಾಬಾದ್‌ನ ವೆಮ್ ಟೆಕ್ನಾಲಜೀಸ್‌ನಲ್ಲಿ. ಎಂಜಿನ್ ಮಾತ್ರ ಅಮೆರಿಕದ್ದು. ಆ ಕಥೆ ಮುಂದೆ ಬರುತ್ತದೆ.

ಅಷ್ಟಕ್ಕೂ ಒಳಗೆ ಇರೋದು ಅಲ್ಯೂಮಿನಿಯಂ, ಟೈಟಾನಿಯಂ, ವೈರು. ದುಡ್ಡೆಲ್ಲ ಎಲ್ಲಿ ಹೋಗುತ್ತದೆ?

ಈ ಪ್ರಶ್ನೆಗೆ ಗೋಕುಲ ರಸ್ತೆಯ ಒಂದು ವರ್ಕ್‌ಶಾಪ್‌ನಲ್ಲಿ ಚೆನ್ನಾಗಿ ಉತ್ತರ ಸಿಕ್ಕಿತು. ಮಾಲೀಕರು ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಬ್ರಾಕೆಟನ್ನು ಮೇಜಿನ ಮೇಲಿಟ್ಟರು. ಪ್ರಯಾಣಿಕರ ವಿಮಾನದ್ದು, ಫೈಟರ್‌ನದ್ದಲ್ಲ. ಪಕ್ಕದಲ್ಲಿ ಅದರ ಫೈಲು. ಫೈಲೇ ಬ್ರಾಕೆಟ್‌ಗಿಂತ ದಪ್ಪ ಇತ್ತು.

ಲೋಹ ಯಾವ ಕಾರ್ಖಾನೆಯಲ್ಲಿ, ಯಾವ ಬ್ಯಾಚ್‌ನಲ್ಲಿ ಕರಗಿತು, ಅದರ ಗಟ್ಟಿತನ ಎಷ್ಟು, ಯಾವ ಮೆಷಿನ್‌ನಲ್ಲಿ ಯಾರು ಕಡೆದರು, ಪ್ರತಿ ತೂತಿನ ಅಳತೆ ಎಷ್ಟು ಬಂತು, ಯಾವ ಉಪಕರಣದಲ್ಲಿ ಅಳೆದರು, ಆ ಉಪಕರಣವನ್ನೇ ಕೊನೆಗೆ ಯಾವಾಗ ಪರೀಕ್ಷೆ ಮಾಡಿದರು, ಎಲ್ಲವೂ ಅದರಲ್ಲಿದೆ. ಮೊದಲ ತುಂಡಿನ ಒಂದೊಂದು ಅಳತೆಯನ್ನೂ ಡ್ರಾಯಿಂಗ್ ಜೊತೆ ತಾಳೆ ನೋಡಿ ಒಪ್ಪಿಗೆ ಬಂದ ಮೇಲೇ ಎರಡನೆಯದು. ಬ್ರಾಕೆಟ್ ಮೇಲೆ ಉಗುರಿನಲ್ಲಿ ಗೀರಿದಂಥ ಒಂದು ಗೆರೆ ಇತ್ತು. 'ಟ್ರ್ಯಾಕ್ಟರ್ ಪಾರ್ಟ್ ಆಗಿದ್ರೆ ಪಾಲಿಶ್ ಹೊಡೆದು ಕಳಿಸ್ತಿದ್ದೆ. ಇದು ಸ್ಕ್ರ್ಯಾಪ್' ಅಂದರು. ಆ ಗೀರು ನಡೆಯುತ್ತೋ ಇಲ್ಲವೋ ಅಂತ ತೀರ್ಮಾನ ಮಾಡುವ ಅಧಿಕಾರ ಅವರಿಗಿಲ್ಲ. ಅದೇ ಗೀರಿನಿಂದ ವರ್ಷಗಳ ನಂತರ ಬಿರುಕು ಶುರುವಾಗಬಹುದು.

ಫೈಟರ್‌ನಲ್ಲಿ ಇಂಥ ಸಾವಿರಾರು ಭಾಗಗಳಿವೆ. ಟೈಟಾನಿಯಂ ಭಾಗವಾದರೆ ದೊಡ್ಡ ಗಟ್ಟಿಯಿಂದ ಕಡೆದು ಕಡೆದು ಕೊನೆಗೆ ಉಳಿಯೋದು ಸ್ವಲ್ಪವೇ, ಬಹುಪಾಲು ಚೂರಾಗಿ ಕೆಳಗೆ ಬೀಳುತ್ತದೆ. ತೇಜಸ್‌ನ ಹೊರಮೈ ಬಹುತೇಕ ಕಾರ್ಬನ್ ಕಾಂಪೋಸಿಟ್. ಪದರದ ಮೇಲೆ ಪದರ ಹಾಸಿ, ಒತ್ತಡದ ಒಲೆಯಲ್ಲಿ ಬೇಯಿಸಿ, ಆಮೇಲೆ ಒಳಗೆಲ್ಲೂ ಗಾಳಿಗುಳ್ಳೆ ಇಲ್ಲ ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡಬೇಕು. ಲೋಹದ ಬೆಲೆ ಇದರಲ್ಲಿ ಚಿಲ್ಲರೆ. ಈ ಭಾಗ ಮುರಿಯೋದಿಲ್ಲ ಅಂತ ಸಾಬೀತು ಮಾಡೋಕೆ ದುಡ್ಡು ಹೋಗುತ್ತದೆ. ವರ್ಷಗಳೂ ಅಲ್ಲೇ ಹೋಗುತ್ತವೆ.

ಚಂದ್ರನ ಮೇಲೆ ಇಳಿದವರಿಗೆ ಒಂದು ಜೆಟ್ ಎಂಜಿನ್ ಮಾಡೋಕೆ ಆಗಲ್ವಾ?

ಇದು ಎಲ್ಲಕ್ಕಿಂತ ಜಾಸ್ತಿ ಸಲ ಕೇಳುವ ಪ್ರಶ್ನೆ. ರಾಕೆಟ್ ಎಂಜಿನ್ ಉರಿಯೋದು ಕೆಲವು ನಿಮಿಷ, ಒಂದೇ ಸಲ. ಫೈಟರ್ ಎಂಜಿನ್ ಸಾವಿರಾರು ಗಂಟೆ ಓಡಬೇಕು. ನೆಲದಿಂದ ಐವತ್ತು ಸಾವಿರ ಅಡಿವರೆಗೆ ಓಡಬೇಕು. ಪೈಲಟ್ ಥ್ರಾಟಲ್ ಹಿಂದೆ ಮುಂದೆ ಎಳೆದಾಡಿದರೂ ಕೆಮ್ಮಬಾರದು.

ಕಷ್ಟವೆಲ್ಲ ಟರ್ಬೈನ್ ಬ್ಲೇಡ್‌ನಲ್ಲಿದೆ. ಅದರ ಮೇಲೆ ಹಾಯುವ ಬಿಸಿಗಾಳಿ ಆ ಲೋಹ ಕರಗುವ ಉಷ್ಣಾಂಶಕ್ಕಿಂತಲೂ ಬಿಸಿ. ಆದರೂ ಬ್ಲೇಡ್ ಕರಗಬಾರದು, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಉದ್ದ ಕೂಡ ಆಗಬಾರದು. ಅದಕ್ಕೆ ಇಡೀ ಬ್ಲೇಡನ್ನು ನಿಕ್ಕಲ್ ಮಿಶ್ರಲೋಹದ ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಒಳಗೆ ಗಾಳಿ ಹರಿಯುವ ಸಣ್ಣ ಸಣ್ಣ ನಾಳಗಳಿರುತ್ತವೆ, ಹೊರಗೆ ಸೆರಾಮಿಕ್ ಲೇಪ. ಇದನ್ನು ಚೆನ್ನಾಗಿ ಮಾಡಬಲ್ಲ ದೇಶಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಅವರು ಈ ವಿದ್ಯೆಯನ್ನು ಸುಮ್ನೆ ಕೊಡೋದಿಲ್ಲ.

ನಾವು ಪ್ರಯತ್ನ ಮಾಡಿಲ್ಲ ಅಂತಲ್ಲ. ಬೆಂಗಳೂರಿನಲ್ಲಿರುವ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಜಿಟಿಆರ್‌ಇಯಲ್ಲಿ ಕಾವೇರಿ ಎಂಜಿನ್ ಯೋಜನೆ 1989ರಲ್ಲಿ ಶುರುವಾಯಿತು. ಮಂಜೂರಾದದ್ದು ಸುಮಾರು 380 ಕೋಟಿ. ದೊಡ್ಡ ಕಂಪನಿಗಳು ಒಂದು ಎಂಜಿನ್‌ಗೆ ಸುರಿಯುವ ದುಡ್ಡಿನ ಮುಂದೆ ಇದು ಏನೂ ಅಲ್ಲ. ಬೇಕಾದಷ್ಟು ನೂಕುಬಲ ಬರಲಿಲ್ಲ, ತೂಕ ಜಾಸ್ತಿಯಾಯಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಎತ್ತರದಲ್ಲಿ ಹೇಗೆ ಓಡುತ್ತದೆ ಅಂತ ನೋಡೋಕೆ ಆ ಎಂಜಿನನ್ನು ರಷ್ಯಾಕ್ಕೆ ಒಯ್ಯಬೇಕಾಯಿತು, ಇಲ್ಲಿ ಅದಕ್ಕೆ ಬೇಕಾದ ಪರೀಕ್ಷಾ ವ್ಯವಸ್ಥೆಯೇ ಇರಲಿಲ್ಲ. ನನ್ನ ಮಟ್ಟಿಗೆ ಕಾವೇರಿಯ ದೊಡ್ಡ ಪಾಠ ಇದೇ. ಎಂಜಿನ್‌ಗೆ ಬಜೆಟ್ ಇಟ್ಟರು, ಎಂಜಿನ್ ಪರೀಕ್ಷೆ ಮಾಡುವ ಜಾಗಕ್ಕೆ ಇಡಲಿಲ್ಲ.

ಅದರ ಬೆಲೆಯನ್ನು ಈಗ ಕಟ್ಟುತ್ತಿದ್ದೇವೆ. ಮಾರ್ಕ್-1ಎ ಗಾಗಿ 2021ರಲ್ಲಿ ಜನರಲ್ ಎಲೆಕ್ಟ್ರಿಕ್‌ಗೆ 99 ಎಫ್-404 ಎಂಜಿನ್‌ಗಳ ಆರ್ಡರ್ ಕೊಟ್ಟರು. ನಿಂತುಹೋಗಿದ್ದ ಉತ್ಪಾದನೆಯನ್ನು ಅವರು ಮತ್ತೆ ಶುರು ಮಾಡಬೇಕಾಯಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. ಅಲ್ಲಿವರೆಗೆ ವಿಮಾನದ ಒಡಲು ಸಿದ್ಧವಿದ್ದರೂ ಕೊಡೋಕೆ ಆಗಲಿಲ್ಲ.

ತೇಜಸ್‌ಗೆ ಮೂವತ್ತು ವರ್ಷ ಯಾಕೆ ಹಿಡಿಯಿತು?

1983ರಲ್ಲಿ ಒಪ್ಪಿಗೆ ಸಿಕ್ಕಿತು, ಜೊತೆಗೆ 560 ಕೋಟಿ. 1984ರಲ್ಲಿ ವಿನ್ಯಾಸ ಮಾಡೋಕೆ ಎಡಿಎ ಎಂಬ ಸಂಸ್ಥೆ ಹುಟ್ಟಿತು. ವಿಮಾನ ನಿಜವಾಗಿ ಕಟ್ಟೋಕೆ ದೊಡ್ಡ ಮೊತ್ತ, 2,188 ಕೋಟಿ, ಮಂಜೂರಾದದ್ದು 1993ರಲ್ಲಿ. ಅಂದರೆ ಮೊದಲ ಹತ್ತು ವರ್ಷ ಹೋದದ್ದು ಕಾಗದದಲ್ಲಿ ಮತ್ತು ಕಾಯುವುದರಲ್ಲಿ. 1995ರಲ್ಲಿ ಮೊದಲ ವಿಮಾನ ಶೆಡ್‌ನಿಂದ ಹೊರಗೆ ಬಂತು. ಹಾರಿದ್ದು 2001ರ ಜನವರಿ 4ರಂದು, ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಕೈಯಲ್ಲಿ.

ನಡುವಿನ ಐದು ವರ್ಷ ಏನಾಯಿತು? ತೇಜಸ್ ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ ವಿಮಾನ. ತಾನಾಗಿ ನೆಟ್ಟಗೆ ಹಾರೋದಿಲ್ಲ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅದನ್ನು ತಿದ್ದುತ್ತಿರಬೇಕು. ಹಾಗಿದ್ದರೇ ಗಾಳಿಯಲ್ಲಿ ಚುರುಕಾಗಿ ತಿರುಗುತ್ತದೆ. ಆ ಸಾಫ್ಟ್‌ವೇರ್ ಕೆಲಸಕ್ಕೆ ನಮ್ಮ ಎಂಜಿನಿಯರ್‌ಗಳು ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಜೊತೆ ಕೂತಿದ್ದರು. 1998ರ ಮೇನಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯಿತು, ಅಮೆರಿಕದ ನಿರ್ಬಂಧ ಬಿತ್ತು, ಇವರನ್ನು ವಾಪಸ್ ಕಳಿಸಿದರು. ಉಪಕರಣಗಳು ಅಲ್ಲೇ ಉಳಿದವು. ಬೆಂಗಳೂರಿನಲ್ಲಿ ಉಳಿದ ಕೆಲಸವನ್ನು ಮತ್ತೆ ಕಟ್ಟಿ, ಪರೀಕ್ಷಿಸಿ, ಪೈಲಟ್‌ನ ಜೀವ ಅದರ ಕೈಗೆ ಕೊಡಬಹುದು ಅನ್ನುವ ಧೈರ್ಯ ಬರುವ ಹೊತ್ತಿಗೆ 2001 ಆಗಿತ್ತು.

ಹಾರಿದ ಮೇಲೂ ಮುಗಿಯಲಿಲ್ಲ. ವಾಯುಪಡೆಯ ಬೇಡಿಕೆ ಕಾಲಕ್ಕೆ ತಕ್ಕಂತೆ ಬದಲಾಯಿತು. ಹೊಸ ಕ್ಷಿಪಣಿ ಬಂದರೆ ರೆಕ್ಕೆ ಗಟ್ಟಿ ಮಾಡಬೇಕು. ಲೇಹ್‌ನ ಚಳಿ, ಜೈಸಲ್ಮೇರ್‌ನ ಬಿಸಿಲು, ಗೋವಾದ ಸಮುದ್ರಗಾಳಿ ಎಲ್ಲದರಲ್ಲೂ ಹಾರಿಸಿ ನೋಡಬೇಕು. 2013ರ ಡಿಸೆಂಬರ್‌ನಲ್ಲಿ ಆರಂಭಿಕ ಅನುಮತಿ, 2016ರ ಜುಲೈನಲ್ಲಿ ಮೊದಲ ಸ್ಕ್ವಾಡ್ರನ್ (ವಿಮಾನಗಳ ತುಕಡಿ), 2019ರ ಫೆಬ್ರವರಿಯಲ್ಲಿ ಪೂರ್ಣ ಅನುಮತಿ.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ತೊಂಬತ್ತರ ದಶಕದ ಕೊನೆಯಲ್ಲಿ ಮಂಜೂರಾಯಿತು, ಇವತ್ತಿಗೂ ಆ ಹಳಿ ಮೇಲೆ ಅಂಕೋಲಾ ತಲುಪಿದವರಿಲ್ಲ. ಅದನ್ನು ನೋಡಿದ ನಮಗೆ ತೇಜಸ್‌ನ ತಡ ಹೊಸದೇನೂ ಅನ್ನಿಸಬಾರದು. ಅನುಮತಿ ಒಂದು ಕಡೆ, ದುಡ್ಡು ಇನ್ನೊಂದು ಕಡೆ, ತೀರ್ಮಾನ ಮಗದೊಂದು ಕಡೆ. ಎಂಜಿನಿಯರ್‌ಗಳನ್ನು ಬೈಯೋದು ಸುಲಭ. ಹತ್ತು ವರ್ಷ ಫೈಲು ತಿರುಗಿಸಿದವರನ್ನು ಯಾರೂ ಬೈಯೋದಿಲ್ಲ.

ಬೇರೆ ದೇಶದವರು ಬೇಗ ಮಾಡಿದ್ದಾರಲ್ವಾ?

ಅಷ್ಟೇನಿಲ್ಲ. ರಫೇಲ್‌ನ ಮಾದರಿ ವಿಮಾನ 1986ರ ಜುಲೈನಲ್ಲಿ ಹಾರಿತು. ಫ್ರಾನ್ಸ್‌ನ ವಾಯುಪಡೆಗೆ ಅದು ಪೂರ್ತಿ ದಕ್ಕಿದ್ದು 2006ರಲ್ಲಿ. ನಾಲ್ಕು ದೇಶ ಸೇರಿ ಮಾಡಿದ ಯೂರೋಫೈಟರ್ 1994ರಲ್ಲಿ ಹಾರಿ 2003ರಲ್ಲಿ ಸೇವೆಗೆ ಬಂತು. ನಾಲ್ಕು ಸರ್ಕಾರ, ನಾಲ್ಕು ಸಂಸತ್ತು, ಯಾವ ಭಾಗ ಯಾರ ಊರಲ್ಲಿ ತಯಾರಾಗಬೇಕು ಅನ್ನುವ ಜಗಳ ಬೇರೆ. ಅಮೆರಿಕದ ಎಫ್-22ರ ಮಾದರಿ 1990ರಲ್ಲಿ ಹಾರಿದರೂ ವಾಯುಪಡೆ 'ಸಿದ್ಧ' ಅಂದದ್ದು 2005ರಲ್ಲಿ. ರಷ್ಯಾದ ಸುಖೋಯ್-57 ಹಾರಿದ್ದು 2010ರಲ್ಲಿ, ಮೊದಲ ಉತ್ಪಾದನಾ ವಿಮಾನ ವಾಯುಪಡೆಗೆ ಸಿಕ್ಕಿದ್ದು 2020ರ ಕೊನೆಗೆ. ಇವರಿಗೆಲ್ಲ ಹಿಂದೆ ಹತ್ತಾರು ವಿಮಾನ ಮಾಡಿದ ಅನುಭವ ಇತ್ತು ಅನ್ನೋದನ್ನೂ ನೆನಪಿಡಿ.

ಎರಡನೇ ಮಹಾಯುದ್ಧದಲ್ಲಿ ತಿಂಗಳುಗಳಲ್ಲಿ ವಿಮಾನ ಮಾಡ್ತಿದ್ರಂತೆ?

ಹೌದು. ಅಮೆರಿಕದ ಮಸ್ಟಾಂಗ್ ವಿಮಾನದ ಮೊದಲ ಮಾದರಿ 1940ರಲ್ಲಿ, ಆರ್ಡರ್ ಸಿಕ್ಕ 102 ದಿನಕ್ಕೆ ಶೆಡ್‌ನಿಂದ ಹೊರಗೆ ಬಂತು. ಎಂಜಿನ್ ಇನ್ನೂ ಕೂರಿಸಿರಲಿಲ್ಲ, ಅದು ಬೇರೆ ಮಾತು. ಆದರೆ ಆ ವಿಮಾನದಲ್ಲಿ ರೇಡಾರ್ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ, ಶಬ್ದದ ವೇಗ ದಾಟುತ್ತಿರಲಿಲ್ಲ. ಯುದ್ಧಕಾಲದಲ್ಲಿ ಪರೀಕ್ಷೆಯಲ್ಲಿ ಸತ್ತ ಪೈಲಟ್‌ಗಳ ಲೆಕ್ಕವನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಈಗ ಹಾಗೆ ನಡೆಯೋದಿಲ್ಲ, ನಡೆಯಲೂಬಾರದು.

ಸಾಫ್ಟ್‌ವೇರ್‌ಗೆ ಅಷ್ಟು ಸಮಯ ಬೇಕಾ? ಆ್ಯಪ್ ಮಾಡೋರು ವಾರಕ್ಕೊಂದು ಅಪ್‌ಡೇಟ್ ಕೊಡ್ತಾರೆ.

ಆ್ಯಪ್ ಕೈಕೊಟ್ಟರೆ ಮತ್ತೆ ತೆರೆಯುತ್ತೀರಿ. ಅಮೆರಿಕದ ಎಫ್-35 ಯುದ್ಧವಿಮಾನದ ಒಳಗೆ ಸುಮಾರು 80 ಲಕ್ಷ ಸಾಲು ಕೋಡ್ ಇದೆ. ರೇಡಾರ್, ಕ್ಯಾಮೆರಾ, ಆಯುಧ, ರೇಡಿಯೊ ಎಲ್ಲವನ್ನೂ ಅದೇ ಹೊಂದಿಸಬೇಕು. ಒಂದು ಕಡೆ ತಿದ್ದಿದರೆ ಇನ್ನೆಲ್ಲೋ ಕೆಡಲಿಲ್ಲ ಅಂತ ಮತ್ತೆ ಪರೀಕ್ಷೆ ಮಾಡಬೇಕು. 2023ರಿಂದ 2024ರ ನಡುವೆ ಒಂದು ವರ್ಷದ ಹತ್ತಿರ ಅಮೆರಿಕ ಸರ್ಕಾರವೇ ಹೊಸ ಎಫ್-35ಗಳನ್ನು ಕಂಪನಿಯಿಂದ ತೆಗೆದುಕೊಳ್ಳಲಿಲ್ಲ. ಕಾರಣ, ಹೊಸ ಹಾರ್ಡ್‌ವೇರ್‌ಗೆ ಸಾಫ್ಟ್‌ವೇರ್ ಸಿದ್ಧ ಇರಲಿಲ್ಲ. ಕಾರ್ಖಾನೆ ಬಳಿ ವಿಮಾನಗಳು ಸಾಲಾಗಿ ನಿಂತಿದ್ದವು.

ಕಡಿಮೆ ತಗೊಂಡ್ರೆ ಖರ್ಚು ಕಡಿಮೆ ಆಗ್ಬೇಕಲ್ವಾ?

ಉಲ್ಟಾ. ವಿನ್ಯಾಸ, ಪರೀಕ್ಷೆ, ಅಚ್ಚು, ಸಾಫ್ಟ್‌ವೇರ್‌ಗೆ ಆಗುವ ಖರ್ಚು ಹತ್ತು ವಿಮಾನಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಅಮೆರಿಕ ಮೊದಲು 750 ಎಫ್-22 ಬೇಕು ಅಂದಿತ್ತು. ಸೋವಿಯತ್ ಒಕ್ಕೂಟ ಕುಸಿಯಿತು, ಬಜೆಟ್ ಕಡಿತವಾಯಿತು, ಆರ್ಡರ್ ಇಳಿಯಿತು. ಇಳಿದ ಹಾಗೆ ಒಂದರ ಬೆಲೆ ಏರಿತು. ಬೆಲೆ ಏರಿತು ಅಂತ ಮತ್ತೆ ಆರ್ಡರ್ ಇಳಿಸಿದರು. ಕೊನೆಗೆ ಪರೀಕ್ಷಾ ವಿಮಾನಗಳೂ ಸೇರಿ 195ಕ್ಕೆ ನಿಂತಿತು. ಅಭಿವೃದ್ಧಿ ಖರ್ಚನ್ನೂ ಹಂಚಿದರೆ ಒಂದಕ್ಕೆ 30 ಕೋಟಿ ಡಾಲರ್ ಮೀರುತ್ತದೆ. ಉತ್ಪಾದನೆ 2011ಕ್ಕೆ ಮುಗಿಯಿತು, ಮತ್ತೆ ಶುರು ಮಾಡೋದು ಈಗ ಯಾರಿಗೂ ಗಿಟ್ಟೋದಿಲ್ಲ.

ಎಫ್-35 ಇದರ ಎದುರು ತುದಿ. 1,000ಕ್ಕಿಂತ ಜಾಸ್ತಿ ಆಗಲೇ ಹೊರಬಂದಿವೆ. ಅದಕ್ಕೇ ಎಂಜಿನ್ ಸೇರಿ ಎಫ್-35ಎ ಬೆಲೆ 8 ಕೋಟಿ ಡಾಲರ್‌ನ ಆಸುಪಾಸಿಗೆ, ಅಂದರೆ ಸುಮಾರು 700 ಕೋಟಿ ರೂಪಾಯಿಗೆ ಬಂತು. ಎಷ್ಟೋ ಹಳೆಯ ವಿನ್ಯಾಸಗಳಿಗೂ ಈಗ ಹೆಚ್ಚುಕಡಿಮೆ ಅಷ್ಟೇ ಬೆಲೆ.

ನಮ್ಮಲ್ಲಿ ತೇಜಸ್‌ಗೆ ಮೊದಲು 20, ಆಮೇಲೆ 20, ಬಹಳ ದಿನದ ಮೇಲೆ 83, ಈಗ 97 ಅಂತ ಕಂತಿನಲ್ಲಿ ಆರ್ಡರ್ ಬಂತು. ವರ್ಷಕ್ಕೆ ಎಂಟು ವಿಮಾನ ಮಾಡುವ ಸಾಲಿಗೆ ಯಾವ ಸಣ್ಣ ಕಂಪನಿ ತಾನೆ ಸಾಲ ಮಾಡಿ ಹೊಸ ಮೆಷಿನ್ ಹಾಕೀತು? ಗೋಕುಲ ರಸ್ತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದ್ರೆ ಎಫ್-35 ಅಗ್ಗ, ಅದನ್ನೇ ತಗೋಬಹುದಲ್ಲ?

ಕೊಳ್ಳೋಕೆ ಅಗ್ಗ, ಸಾಕೋಕೆ ಅಲ್ಲ. ಒಂದು ಗಂಟೆ ಹಾರಾಟಕ್ಕೆ 30,000 ಡಾಲರ್ ದಾಟುತ್ತದೆ, ನಮ್ಮ ದುಡ್ಡಲ್ಲಿ 25 ಲಕ್ಷಕ್ಕಿಂತ ಜಾಸ್ತಿ. ಇಡೀ ಯೋಜನೆಯ ಜೀವಮಾನದ ಖರ್ಚು 2 ಲಕ್ಷ ಕೋಟಿ ಡಾಲರ್ ಮೀರುತ್ತದೆ ಅಂತ ಅಮೆರಿಕದ ಲೆಕ್ಕಪರಿಶೋಧಕರೇ ಹೇಳಿದ್ದಾರೆ, ಅದರಲ್ಲಿ ದೊಡ್ಡ ಪಾಲು ನಿರ್ವಹಣೆಯದು. ಮೇಲಾಗಿ ಸಾಫ್ಟ್‌ವೇರ್‌ನ ಬೀಗದ ಕೈ ಅವರ ಹತ್ತಿರವೇ ಇರುತ್ತದೆ. 1998 ನೆನಪಿರುವವರಿಗೆ ಇಷ್ಟು ಸಾಕು.

ಚೀನಾ ಹೇಗೆ ಬೇಗ ಮಾಡಿತು?

ಜೆ-20 2011ರಲ್ಲಿ ಹಾರಿ 2017ರಲ್ಲಿ ಸೇವೆಗೆ ಬಂತು, ನಿಜಕ್ಕೂ ವೇಗ. ಅದಕ್ಕೆ ಮುಂಚಿನ ವರ್ಷಗಳ ಕೆಲಸ ನಮಗೆ ಕಾಣಲಿಲ್ಲ ಅಷ್ಟೇ. ಎಂಜಿನ್‌ಗೆ ಅವರೂ ಬಹಳ ವರ್ಷ ರಷ್ಯಾದ ಕಡೆ ನೋಡಿದರು. ಒಂದು ವಿಷಯದಲ್ಲಿ ಅವರನ್ನು ಮೆಚ್ಚಬೇಕು. ಒಂದು ವಿಮಾನ ಮುಗಿಯುವ ಮೊದಲೇ ಮುಂದಿನದಕ್ಕೆ ಕೈಹಾಕುತ್ತಾರೆ, ಹಾಗಾಗಿ ಕಲಿತ ಕೈಗಳು ಖಾಲಿ ಕೂರೋದಿಲ್ಲ. ನಾವು ಎಚ್‌ಎಫ್-24 ಮಾರುತ್ ವಿಮಾನವನ್ನು ಬೆಂಗಳೂರಿನಲ್ಲಿ 1961ರಲ್ಲೇ ಹಾರಿಸಿದ್ದೆವು. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ವಿನ್ಯಾಸಕ. ತಕ್ಕ ಎಂಜಿನ್ ಸಿಗಲಿಲ್ಲ, 147ಕ್ಕೆ ನಿಂತಿತು. ಆಮೇಲೆ ಇಪ್ಪತ್ತು ವರ್ಷ ಹೊಸ ಫೈಟರ್ ವಿನ್ಯಾಸಕ್ಕೆ ಯಾರೂ ಕೂರಲಿಲ್ಲ. ತೇಜಸ್ ಶುರುವಾಗುವ ಹೊತ್ತಿಗೆ ಕಲಿತವರು ನಿವೃತ್ತರಾಗಿದ್ದರು.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ?

ಬಿಡಿಭಾಗಕ್ಕೆ ಅಂತ ಹಳೇ ಮಿರಾಜ್, ಜಾಗ್ವಾರ್‌ಗಳನ್ನು ಭಾರತ ತಂದಿದೆ. ಹೊಸ ಸ್ಕ್ವಾಡ್ರನ್ ಕಟ್ಟೋಕೆ ಅದು ದಾರಿಯಲ್ಲ.

ಎಎಂಸಿಎ ಯಾವಾಗ?

ಎಎಂಸಿಎ ಅಂದರೆ ತೇಜಸ್ ನಂತರ ನಾವೇ ಮಾಡಲು ಹೊರಟಿರುವ ಹೊಸ ಫೈಟರ್. 2024ರ ಮಾರ್ಚ್‌ನಲ್ಲಿ ಅದರ ಮಾದರಿ ವಿಮಾನಗಳಿಗೆ ಸುಮಾರು 15,000 ಕೋಟಿ ಮಂಜೂರಾಯಿತು. ಹಾರೋದು ಈ ದಶಕದ ಕೊನೆಗೆ, ವಾಯುಪಡೆಗೆ ಸಿಗೋದು 2035ರ ಸುಮಾರಿಗೆ ಅನ್ನೋದು ಗುರಿ. ಗುರಿಗೆ ಒಂದೆರಡು ವರ್ಷ ಸೇರಿಸಿಯೇ ಲೆಕ್ಕ ಹಾಕಿ ಅಂತ ನನ್ನ ಸಲಹೆ. ಈ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾಯಿತು. 42 ಸ್ಕ್ವಾಡ್ರನ್ ಇರಬೇಕಾದ ಕಡೆ 29ಕ್ಕೆ ಇಳಿದಿದ್ದೇವೆ. ತಡಕ್ಕೆ ಬೆಲೆ ಇಲ್ಲ ಅಂದುಕೊಂಡವರು ಈ ಅಂಕಿ ನೋಡಬೇಕು.

ಈ ದುಡ್ಡಲ್ಲಿ ನಮಗೆ ಮಹಾದಾಯಿ ನೀರು ಬರ್ತಿರಲಿಲ್ವಾ?

ನವಲಗುಂದ, ನರಗುಂದದ ಕಡೆಯವರು ಕೇಳಿದಾಗ ಸುಮ್ನೆ ತಳ್ಳಿಹಾಕೋಕೆ ಆಗೋದಿಲ್ಲ. ಆದರೆ ಕಳಸಾ-ಬಂಡೂರಿ ನಿಂತಿರೋದು ದುಡ್ಡಿಲ್ಲದೆ ಅಲ್ಲ. 2018ರಲ್ಲಿ ನ್ಯಾಯಾಧಿಕರಣದ ತೀರ್ಪು ಬಂತು, 2020ರಲ್ಲಿ ಗೆಜೆಟ್‌ನಲ್ಲೂ ಬಂತು. ತಡೆದಿರೋದು ಅರಣ್ಯ-ವನ್ಯಜೀವಿ ಅನುಮತಿ ಮತ್ತು ಗೋವಾದ ತಕರಾರು. ನಾಳೆ ಒಂದು ರಫೇಲ್ ಕಡಿಮೆ ಕೊಂಡರೂ ಆ ಫೈಲು ಒಂದಿಂಚು ಸರಿಯೋದಿಲ್ಲ. ರಕ್ಷಣಾ ಬಜೆಟ್ ಬಗ್ಗೆ ಕೇಳಬೇಕಾದದ್ದು ಬೇರೆ ಇದೆ. 2025-26ರಲ್ಲಿ ಅದು 6.81 ಲಕ್ಷ ಕೋಟಿ. ಹೊಸ ಸಲಕರಣೆ, ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಪಿಂಚಣಿಗೇ 1.60 ಲಕ್ಷ ಕೋಟಿ.

ನಾನು ಈ ಕೆಲಸಕ್ಕೆ ಸೇರಬೇಕು. ಎಲ್ಲಿಂದ ಶುರು ಮಾಡಲಿ?

ಪೈಲಟ್ ಆಗೋದೊಂದೇ ದಾರಿ ಅಂದುಕೊಳ್ಳಬೇಡಿ. ಐಟಿಐ, ಡಿಪ್ಲೊಮಾ ಮಾಡಿದವರಿಗೂ ಇಲ್ಲಿ ಜಾಗ ಇದೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ, ಹೆದ್ದಾರಿ ಪಕ್ಕದಲ್ಲೇ, ಏಕಸ್ ಕಂಪನಿಯ ಏರೋಸ್ಪೇಸ್ ವಲಯ ಇದೆ. ಏರ್‌ಬಸ್, ಬೋಯಿಂಗ್ ವಿಮಾನಗಳ ಭಾಗ ಅಲ್ಲಿ ತಯಾರಾಗುತ್ತದೆ. ಸಿಎನ್‌ಸಿ ಜೊತೆಗೆ ಅಳತೆ ಮತ್ತು ಗುಣಮಟ್ಟ ಪರೀಕ್ಷೆ ಕಲಿತವರಿಗೆ ಬೇಡಿಕೆ ಜಾಸ್ತಿ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ, ಅಗ್ನಿವೀರವಾಯು ಹುಡುಗರ ತರಬೇತಿ ಅಲ್ಲೇ. ಎಂಜಿನಿಯರಿಂಗ್ ಓದುವವರು ವಿಮಾನದ ಚಿತ್ರ ನೋಡೋದು ಸ್ವಲ್ಪ ಬಿಟ್ಟು ಮೆಟಲರ್ಜಿ (ಲೋಹಶಾಸ್ತ್ರ) ಮತ್ತು ಕಂಟ್ರೋಲ್ ಸಿಸ್ಟಮ್ಸ್ (ನಿಯಂತ್ರಣ ವ್ಯವಸ್ಥೆ) ಗಟ್ಟಿ ಮಾಡಿಕೊಳ್ಳಿ. ಕಾವೇರಿ ನಿಂತದ್ದು ಮೊದಲನೆಯದರಲ್ಲಿ, ತೇಜಸ್ ಐದು ವರ್ಷ ಕಾದದ್ದು ಎರಡನೆಯದರಲ್ಲಿ.

ಹತ್ತಿರದಿಂದ ನೋಡೋಕೆ ಎಲ್ಲಿಗೆ ಹೋಗ್ಬೇಕು?

ಯಲಹಂಕದ ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಬಹುತೇಕ ಫೆಬ್ರವರಿಯಲ್ಲಿ. ಜನಜಂಗುಳಿ, ಬಿಸಿಲು, ಟ್ರಾಫಿಕ್ ಎಲ್ಲ ಇರುತ್ತದೆ. ಬಿಡುವಾಗಿ ನೋಡೋಕೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ ವಾಸಿ. ಮಾರುತ್ ಅಲ್ಲಿ ನಿಂತಿದೆ, ಎಂಜಿನ್‌ಗಳ ವಿಭಾಗವೂ ಇದೆ. ಟರ್ಬೈನ್ ಬ್ಲೇಡ್ ಎಷ್ಟು ಚಿಕ್ಕದು ಅಂತ ಅಲ್ಲಿ ಕಣ್ಣಾರೆ ನೋಡಬಹುದು. ಧಾರವಾಡದಿಂದಲೇ ಹೊರಡುವ ವಂದೇ ಭಾರತ್ ಹಿಡಿಯುವವರು ಗಮನಿಸಿ, ಅದು ಮಧ್ಯಾಹ್ನದ ರೈಲು, ಬೆಂಗಳೂರಿಗೆ ರಾತ್ರಿ ಮುಟ್ಟಿಸುತ್ತದೆ. ಮ್ಯೂಸಿಯಂಗೆ ಅಂತಲೇ ಹೋಗುವುದಾದರೆ ಹಿಂದಿನ ರಾತ್ರಿಯ ರೈಲೇ ಸರಿ.